ಹಲವು ಖಾತೆ, ಒಂದು ಕಂಪ್ಯೂಟರು: ಬ್ರೌಸರ್ ಆಟೊಮೇಷನ್ ಸಾಧನವನ್ನು ಆರಿಸಿಕೊಳ್ಳುವ ಬಗೆ

ತಿಂಗಳ 14ನೆಯ ತಾರೀಖು ಕಳೆದ ಮೇಲೆ ಯಾವುದಾದರೂ ಆಡಿಟರ್ ಕಚೇರಿಗೆ ಹೋಗಿ ನೋಡಿ. ಜಿಎಸ್‌ಟಿ ಪೋರ್ಟಲಿನಲ್ಲಿ 2ಬಿ ಪಟ್ಟಿ (ಮಾರಿದವರು ತೋರಿಸಿದ, ಪಾರ್ಟಿಯ ಖರೀದಿಗಳ ಪಟ್ಟಿ) ಸಿದ್ಧವಾಗಿರುತ್ತದೆ, ತಿಂಗಳ ರಿಟರ್ನ್ ಸಲ್ಲಿಸುವವರ 3ಬಿ ಎಂಬ ರಿಟರ್ನ್ 20ನೆಯ ತಾರೀಖಿನೊಳಗೆ ಹೋಗಬೇಕಿರುತ್ತದೆ, ನಡುವಿನ ಐದಾರು ದಿನಗಳಲ್ಲಿ ಒಬ್ಬ ಸಹಾಯಕ ಐವತ್ತು ಅರವತ್ತು ಪಾರ್ಟಿಗಳ ಖಾತೆಗೆ ಒಂದೊಂದಾಗಿ ಲಾಗಿನ್ ಆಗಿ, ಫೈಲ್ ಇಳಿಸಿಕೊಂಡು, ಲಾಗೌಟ್ ಆಗಿ, ಮತ್ತೆ ಮುಂದಿನ ಪಾರ್ಟಿಯ ಪಾಸ್‌ವರ್ಡ್ ಹುಡುಕುತ್ತಿರುತ್ತಾನೆ. ‘ಇದನ್ನೆಲ್ಲ ಕಂಪ್ಯೂಟರೇ ಮಾಡಬಾರದೇ?’ ಎಂಬ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಹೀಗೆ ಬ್ರೌಸರನ್ನು ನಮ್ಮ ಪರವಾಗಿ ಓಡಿಸುವ ತಂತ್ರಾಂಶವೇ ಬ್ರೌಸರ್ ಆಟೊಮೇಷನ್ ಸಾಧನ, ಅದಕ್ಕೆ ನಾವು ಬರೆದುಕೊಡುವ ಆದೇಶಗಳ ಪಟ್ಟಿಯೇ ಸ್ಕ್ರಿಪ್ಟ್. ಅಂತಹ ಕಚೇರಿಗಳಿಗೆ ಈ ವ್ಯವಸ್ಥೆಯನ್ನು ಮಾಡಿಕೊಟ್ಟ ಅನುಭವದ ಮೇಲೆ ಈ ಮಾರ್ಗದರ್ಶಿಯನ್ನು ಬರೆಯುತ್ತಿದ್ದೇನೆ.

ಸಾಧನವನ್ನು ಹುಡುಕುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವುದು ಬೇಗ ಓಡುತ್ತದೆ ಎಂದು. ಹಲವು ಪ್ರೊಫೈಲುಗಳ (ಒಂದೇ ಬ್ರೌಸರಿನಲ್ಲಿ ಖಾತೆಗೊಂದರಂತೆ ಬೇರೆ ಇಡುವ ವಿಭಾಗಗಳ) ಕೆಲಸದಲ್ಲಿ ಆ ಪ್ರಶ್ನೆಗೆ ಕೊನೆಯ ಸ್ಥಾನ. ಇಲ್ಲಿ ನಿಜವಾದ ಅಪಾಯ ಒಬ್ಬರ ಕೆಲಸವನ್ನು ಇನ್ನೊಬ್ಬರ ಖಾತೆಯಲ್ಲಿ ಮಾಡಿಬಿಡುವುದು. ಆದ್ದರಿಂದ ಒಂದು ಖಾತೆಯನ್ನು ಇನ್ನೊಂದರಿಂದ ಎಷ್ಟು ಗಟ್ಟಿಯಾಗಿ ಬೇರೆ ಇಡುತ್ತದೆ, ತಾನು ಈಗ ಯಾರ ಖಾತೆಯಲ್ಲಿದೆ ಎಂದು ಕೆಲಸಕ್ಕೆ ಮೊದಲೇ ಖಚಿತಪಡಿಸಿಕೊಳ್ಳಲು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬುದನ್ನು ನೋಡಿ ಸಾಧನವನ್ನು ಆರಿಸಬೇಕು.

ಮೊದಲ ಹೆಜ್ಜೆ: ಕೆಲಸವನ್ನು ಕಾಗದದ ಮೇಲೆ ಬರೆದುಕೊಳ್ಳಿ

ಕಂಪ್ಯೂಟರನ್ನು ಮುಟ್ಟುವ ಮೊದಲು ಒಂದು ಹಾಳೆಯಲ್ಲಿ ಕೆಲವು ಉತ್ತರಗಳನ್ನು ಬರೆದಿಡಿ. ಖಾತೆಗಳು ಎಷ್ಟು ಮತ್ತು ಯಾರವು? ಅವು ಏಕಕಾಲಕ್ಕೆ ತೆರೆದಿರಬೇಕೇ, ಒಂದಾದ ಮೇಲೊಂದು ಸಾಕೇ? ಒಮ್ಮೆ ಲಾಗಿನ್ ಆದರೆ ಅದು ಎಷ್ಟು ಹೊತ್ತು ನಿಲ್ಲುತ್ತದೆ? ಲಾಗಿನ್ ಆಗಲು ಕ್ಯಾಪ್ಚಾ ಅಥವಾ ಒಟಿಪಿ ಬೇಕೇ?

ಮೂರನೆಯ ಪ್ರಶ್ನೆಯೇ ಸಾಧನದ ಆಯ್ಕೆಯನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಮೇಲ್ ಅಥವಾ ಆನ್‌ಲೈನ್ ಅಂಗಡಿಯ ಖಾತೆಯಲ್ಲಿ ಒಮ್ಮೆ ಲಾಗಿನ್ ಆದರೆ ವಾರಗಟ್ಟಲೆ ಹಾಗೆಯೇ ಇರುವುದುಂಟು. ಅಲ್ಲಿ ಪ್ರೊಫೈಲನ್ನು ಡಿಸ್ಕಿನಲ್ಲಿ ಉಳಿಸಿಟ್ಟುಕೊಳ್ಳುವ ಸಾಧನದಿಂದ ದೊಡ್ಡ ಲಾಭವಿದೆ. ಜಿಎಸ್‌ಟಿ ಪೋರ್ಟಲಿನಂಥವು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೊರಗೆ ಹಾಕುತ್ತವೆ, ಪ್ರತಿ ಸಲ ಕ್ಯಾಪ್ಚಾ ಕೇಳುತ್ತವೆ. ಅಂತಹ ಕಡೆ ಪ್ರೊಫೈಲನ್ನು ಎಷ್ಟೇ ಜೋಪಾನವಾಗಿ ಉಳಿಸಿಟ್ಟರೂ ನಾಳೆ ಬೆಳಗ್ಗೆ ಮತ್ತೆ ಲಾಗಿನ್ ಆಗಲೇಬೇಕು. ನಮಗೆ ಅಲ್ಲಿ ಬೇಕಾಗುವುದು ಪ್ರತಿ ಪಾರ್ಟಿಗೂ ಶುಚಿಯಾದ ಹೊಸ ಕಿಟಕಿ ಮತ್ತು ತನ್ನದೇ ಡೌನ್‌ಲೋಡ್ ಫೋಲ್ಡರ್, ಇಷ್ಟೇ.

ಕ್ಯಾಪ್ಚಾ ಮತ್ತು ಒಟಿಪಿಗಳ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಅವು ಇರುವುದೇ ಎದುರಿಗೆ ಮನುಷ್ಯ ಇದ್ದಾನೆಂದು ತಿಳಿಯಲು; ಆದ್ದರಿಂದ ಅವನ್ನು ಮನುಷ್ಯನೇ ತುಂಬಲಿ, ಸ್ಕ್ರಿಪ್ಟ್ ಅಲ್ಲಿ ನಿಂತು ಕಾಯಲಿ. ಜಾಲತಾಣದ ಬಳಕೆಯ ಷರತ್ತುಗಳನ್ನೂ ಈ ಹಂತದಲ್ಲಿಯೇ ಓದಬೇಕು. ಆಟೊಮೇಷನ್ ಬೇಡವೆಂದು ಅಲ್ಲಿ ಬರೆದಿದ್ದರೆ ಮಾತು ಮುಗಿಯಿತು, ಅಧಿಕೃತ ದಾರಿಯನ್ನು ಹುಡುಕಬೇಕು. ಜಿಎಸ್‌ಟಿ ವ್ಯವಸ್ಥೆಯಲ್ಲಿ ಅಂತಹ ದಾರಿ ಇದೆ: ಜಿಎಸ್‌ಟಿ ಸುವಿಧಾ ಪ್ರೊವೈಡರ್ ಎಂಬ ಸಂಸ್ಥೆಗಳ ಎಪಿಐ (ತಂತ್ರಾಂಶಗಳು ನೇರವಾಗಿ ಮಾಹಿತಿ ಕೊಟ್ಟು ತೆಗೆದುಕೊಳ್ಳುವ ಬಾಗಿಲು) ಮೂಲಕ, ತೆರಿಗೆದಾರ ತನ್ನ ಖಾತೆಯಲ್ಲಿ ಅನುಮತಿ ಕೊಟ್ಟು ಒಟಿಪಿ ನೀಡಿದ ಮೇಲೆ, ತಂತ್ರಾಂಶವೇ ಮಾಹಿತಿಯನ್ನು ತರಿಸಿಕೊಳ್ಳಬಹುದು. ನೂರಾರು ಪಾರ್ಟಿಗಳಿರುವ ಕಚೇರಿ ಬ್ರೌಸರ್ ಸ್ಕ್ರಿಪ್ಟಿನ ಗೋಜಿಗೆ ಹೋಗದೆ ಆ ಸೌಲಭ್ಯವಿರುವ ತಂತ್ರಾಂಶವನ್ನು ಕೊಳ್ಳುವುದೇ ಒಳ್ಳೆಯದು.

ಎರಡನೆಯ ಹೆಜ್ಜೆ: ಸಾಧನ ಬೇಕೇ ಬೇಕೇ ಎಂದು ನೋಡಿ

ಐದಾರು ಖಾತೆಗಳಿದ್ದರೆ ಆಟೊಮೇಷನ್ ಬೇಕಾಗುವುದಿಲ್ಲ, ಬ್ರೌಸರಿನಲ್ಲಿಯೇ ಇರುವ ಸೌಲಭ್ಯ ಸಾಕು. ಕ್ರೋಮ್ ಮತ್ತು ಎಡ್ಜ್‌ಗಳಲ್ಲಿ ಪ್ರತಿ ಪ್ರೊಫೈಲಿಗೂ ಬೇರೆ ಕುಕಿ (ಲಾಗಿನ್ ಆದವರು ಯಾರೆಂದು ತಾಣ ಬ್ರೌಸರಿನಲ್ಲಿ ಬರೆದಿಡುವ ಗುರುತು), ಬೇರೆ ಪಾಸ್‌ವರ್ಡ್, ಬೇರೆ ಬುಕ್‌ಮಾರ್ಕ್, ಬೇರೆ ಎಕ್ಸ್‌ಟೆನ್ಷನ್ ಇರುತ್ತವೆ. ಕಿಟಕಿಗೆ ಬೇರೆ ಬಣ್ಣ ಕೊಟ್ಟರೆ ಕಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ. ಫೈರ್‌ಫಾಕ್ಸಿನಲ್ಲಿ ಮಲ್ಟಿ-ಅಕೌಂಟ್ ಕಂಟೇನರ್ಸ್ ಎಂಬ ಮೊಜಿಲ್ಲಾದ ಎಕ್ಸ್‌ಟೆನ್ಷನ್ ಇದೆ. ಅದರಲ್ಲಿ ಒಂದೇ ಕಿಟಕಿಯ ಬೇರೆ ಬೇರೆ ಟ್ಯಾಬುಗಳು ಬೇರೆ ಬೇರೆ ಖಾತೆಗಳಲ್ಲಿ ಇರಬಹುದು. ಆದರೆ ಕಂಟೇನರ್ ಬೇರ್ಪಡಿಸುವುದು ಕುಕಿ ಮತ್ತು ತಾಣಗಳು ಉಳಿಸಿದ ದತ್ತಾಂಶವನ್ನು ಮಾತ್ರ. ಹಿಸ್ಟರಿ, ಬುಕ್‌ಮಾರ್ಕು, ಉಳಿಸಿದ ಪಾಸ್‌ವರ್ಡುಗಳೆಲ್ಲ ಎಲ್ಲದಕ್ಕೂ ಒಂದೇ. ಲಾಗಿನ್ ಪುಟದಲ್ಲಿ ಬ್ರೌಸರು ತಾನಾಗಿಯೇ ತಪ್ಪು ಪಾರ್ಟಿಯ ಹೆಸರನ್ನು ತುಂಬಿಕೊಡುವ ಸಾಧ್ಯತೆ ಅಲ್ಲಿ ಉಳಿದೇ ಇರುತ್ತದೆ.

ಇನ್‌ಕಾಗ್ನಿಟೊ ಕಿಟಕಿಯ ಬಗ್ಗೆ ಒಂದು ತಪ್ಪು ತಿಳಿವಳಿಕೆಯನ್ನು ಹಲವು ಕಡೆ ಕಂಡಿದ್ದೇನೆ. ಎರಡು ಇನ್‌ಕಾಗ್ನಿಟೊ ಕಿಟಕಿ ತೆರೆದರೆ ಎರಡು ಬೇರೆ ಖಾತೆಗಳಿಗೆ ಲಾಗಿನ್ ಆಗಬಹುದೆಂದು ಜನ ನಂಬುತ್ತಾರೆ. ಒಂದೇ ಪ್ರೊಫೈಲಿನಿಂದ ತೆರೆದ ಇನ್‌ಕಾಗ್ನಿಟೊ ಕಿಟಕಿಗಳೆಲ್ಲ ಒಂದೇ ಕುಕಿ ಡಬ್ಬಿಯನ್ನು ಹಂಚಿಕೊಳ್ಳುತ್ತವೆ, ಆದ್ದರಿಂದ ಎರಡನೆಯ ಲಾಗಿನ್ ಮೊದಲನೆಯದನ್ನು ಅಳಿಸುತ್ತದೆ.

ಮೂರನೆಯ ಹೆಜ್ಜೆ: ಬೇರ್ಪಡಿಕೆಯ ಎರಡು ಬಗೆಗಳನ್ನು ತಿಳಿದುಕೊಳ್ಳಿ

ಆಟೊಮೇಷನ್ ಸಾಧನಗಳಲ್ಲಿ ಖಾತೆಗಳನ್ನು ಬೇರೆ ಇಡಲು ಮುಖ್ಯವಾಗಿ ಎರಡು ಬಗೆಗಳಿವೆ. ಮೊದಲನೆಯದು ಡಿಸ್ಕಿನ ಮೇಲಿನ ಪ್ರೊಫೈಲ್ ಫೋಲ್ಡರ್. ಬ್ರೌಸರ್ ಮುಚ್ಚಿದ ಮೇಲೂ ಎಲ್ಲವೂ ಆ ಫೋಲ್ಡರಿನಲ್ಲಿ ಉಳಿದಿರುತ್ತದೆ. ಎರಡನೆಯದು ಕಾಂಟೆಕ್ಸ್ಟ್: ಓಡುತ್ತಿರುವ ಒಂದೇ ಬ್ರೌಸರಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹಲವು ತಾತ್ಕಾಲಿಕ ಸೆಷನ್‌ಗಳನ್ನು ತೆರೆಯುವುದು. ಕಾಂಟೆಕ್ಸ್ಟ್ ಹಗುರ, ಕ್ಷಣದಲ್ಲಿ ತೆರೆಯುತ್ತದೆ, ಮುಚ್ಚಿದೊಡನೆ ಗುರುತಿಲ್ಲದೆ ಹೋಗುತ್ತದೆ. ಫೋಲ್ಡರ್ ಭಾರ, ಪ್ರತಿ ಫೋಲ್ಡರಿಗೂ ಇಡೀ ಬ್ರೌಸರನ್ನೇ ಪ್ರತ್ಯೇಕವಾಗಿ ಓಡಿಸಬೇಕಾಗುವುದರಿಂದ 8 ಜಿಬಿ ಮೆಮೊರಿಯ ಸಾಧಾರಣ ಕಚೇರಿ ಯಂತ್ರ ಬಹುಬೇಗ ಏದುಸಿರು ಬಿಡುತ್ತದೆ.

ಫೋಲ್ಡರಿನ ವಿಷಯದಲ್ಲಿ ಹೊಸಬರು ಎಡವುವ ಜಾಗವೊಂದಿದೆ. ಕ್ರೋಮ್‌ನಲ್ಲಿ ‘ಯೂಸರ್ ಡೇಟಾ’ ಎಂಬ ಹೊರಗಿನ ಫೋಲ್ಡರ್, ಅದರೊಳಗೆ ‘ಡಿಫಾಲ್ಟ್’, ‘ಪ್ರೊಫೈಲ್ 1’, ‘ಪ್ರೊಫೈಲ್ 2’ ಎಂಬ ಒಳಗಿನ ಫೋಲ್ಡರುಗಳು ಇರುತ್ತವೆ. ಆಟೊಮೇಷನ್ ಸಾಧನಕ್ಕೆ ಕೊಡಬೇಕಾದದ್ದು ಹೊರಗಿನ ಫೋಲ್ಡರಿನ ವಿಳಾಸ. ಒಳಗಿನದನ್ನು ಕೊಟ್ಟರೆ ಅದರೊಳಗೆ ಮತ್ತೊಂದು ‘ಡಿಫಾಲ್ಟ್’ ಹುಟ್ಟಿಕೊಂಡು, ‘ಲಾಗಿನ್ ಏಕೆ ಉಳಿದಿಲ್ಲ’ ಎಂದು ತಲೆ ಕೆರೆದುಕೊಳ್ಳುವಂತಾಗುತ್ತದೆ. ಒಂದೇ ಹೊರ ಫೋಲ್ಡರನ್ನು ಎರಡು ಬ್ರೌಸರುಗಳು ಏಕಕಾಲಕ್ಕೆ ಬಳಸಲಾರವು. ಫೋಲ್ಡರ್ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬಂದರೆ ಬಹುತೇಕ ಹಿಂದಿನ ಕ್ರೋಮ್ ಪೂರ್ತಿ ಮುಚ್ಚಿಲ್ಲವೆಂದೇ ಅರ್ಥ. ಹಾಗಾಗಿ ಪಾರ್ಟಿಗೊಂದು ಹೊರ ಫೋಲ್ಡರ್ ಇಡುವುದೇ ಸರಿಯಾದ ಪದ್ಧತಿ.

ದಿನಬಳಕೆಯ ನಿಮ್ಮ ಕ್ರೋಮ್ ಪ್ರೊಫೈಲನ್ನೇ ಸ್ಕ್ರಿಪ್ಟಿಗೆ ಕೊಡುವ ಹಳೆಯ ಉಪಾಯ ಈಗ ನಡೆಯುವುದಿಲ್ಲ. 2025ರಲ್ಲಿ ಬಂದ ಕ್ರೋಮ್ 136ರಿಂದ ಮುಂದೆ, ಡಿಫಾಲ್ಟ್ ಯೂಸರ್ ಡೇಟಾ ಫೋಲ್ಡರಿನ ಮೇಲೆ ರಿಮೋಟ್ ಡಿಬಗ್ಗಿಂಗ್ (ಹೊರಗಿನ ತಂತ್ರಾಂಶ ಬ್ರೌಸರನ್ನು ನಿಯಂತ್ರಿಸುವ ದಾರಿ) ತೆರೆಯಲು ಬ್ರೌಸರ್ ಒಪ್ಪುವುದಿಲ್ಲ. ಕುಕಿ ಕದಿಯುವ ಕುತಂತ್ರಾಂಶಗಳು ಅದೇ ಬಾಗಿಲಿನಿಂದ ನುಗ್ಗುತ್ತಿದ್ದುದರಿಂದ ಗೂಗಲ್ ಅದನ್ನು ಮುಚ್ಚಿತು. ಹಳೆಯ ಯೂಟ್ಯೂಬ್ ಪಾಠಗಳನ್ನು ನೋಡಿಕೊಂಡು ಅದನ್ನೇ ಮಾಡಹೊರಟವರು ಖಾಲಿ ಕಿಟಕಿಯ ಮುಂದೆ ಗಂಟೆಗಟ್ಟಲೆ ಕುಳಿತಿರುತ್ತಾರೆ.

ನಾಲ್ಕನೆಯ ಹೆಜ್ಜೆ: ಸಾಧನಗಳನ್ನು ಎದುರುಬದುರು ಇಟ್ಟು ನೋಡಿ

ಸೆಲೆನಿಯಮ್ ಈ ಮನೆತನದ ಹಿರಿಯ. 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿ ಜೇಸನ್ ಹಗಿನ್ಸ್ ಅದನ್ನು ಆರಂಭಿಸಿದರು. ಅದರ ವೆಬ್‌ಡ್ರೈವರ್ ಪದ್ಧತಿ 2018ರಲ್ಲಿ ಡಬ್ಲ್ಯು3ಸಿ (ವೆಬ್ ಮಾನದಂಡಗಳನ್ನು ರೂಪಿಸುವ ಸಂಸ್ಥೆ) ಮಾನದಂಡವಾಯಿತು. ಜಾವಾ, ಪೈಥಾನ್, ಸಿ ಶಾರ್ಪ್, ರೂಬಿ, ಜಾವಾಸ್ಕ್ರಿಪ್ಟ್ ಎಲ್ಲಕ್ಕೂ ಸಿಗುತ್ತದೆ, ನಿಮ್ಮ ಯಂತ್ರದಲ್ಲಿ ಈಗಾಗಲೇ ಇರುವ ಬ್ರೌಸರನ್ನೇ ಓಡಿಸುತ್ತದೆ. ಕ್ರೋಮ್ ತಾನಾಗಿಯೇ ನವೀಕರಣಗೊಂಡು, ಅದನ್ನು ಓಡಿಸುವ ಡ್ರೈವರ್ ಎಂಬ ಸಹಾಯಕ ತಂತ್ರಾಂಶ ಹಳತಾಗಿ, ಸೋಮವಾರ ಬೆಳಗ್ಗೆ ಎಲ್ಲ ಸ್ಕ್ರಿಪ್ಟುಗಳೂ ಕೈಕೊಡುತ್ತಿದ್ದ ಕಾಲವೊಂದಿತ್ತು, 4.6ನೆಯ ಆವೃತ್ತಿಯಿಂದ, ಸರಿಹೊಂದುವ ಡ್ರೈವರನ್ನು ತಾನೇ ತರುವ ಸೆಲೆನಿಯಮ್ ಮ್ಯಾನೇಜರ್ ಸೇರಿದ ಮೇಲೆ ಆ ಗೋಳು ಬಹುಮಟ್ಟಿಗೆ ತೀರಿದೆ. ಆದರೆ ಒಂದು ಬ್ರೌಸರಿನೊಳಗೆ ಹಲವು ಕಾಂಟೆಕ್ಸ್ಟ್ ತೆರೆಯುವುದು ಅದರ ಸಹಜ ರೀತಿಯಲ್ಲ. ಖಾತೆಗೊಂದು ಡ್ರೈವರ್, ಡ್ರೈವರಿಗೊಂದು ಫೋಲ್ಡರ್ ಎಂಬುದೇ ಅದರ ಕ್ರಮ. ಫೈರ್‌ಫಾಕ್ಸ್ ಜೊತೆ ಬಳಸುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು: ಪ್ರೊಫೈಲನ್ನು ಆಯ್ಕೆಗಳ ಮೂಲಕ ವಸ್ತುವಾಗಿ ಕೊಟ್ಟರೆ ಸೆಲೆನಿಯಮ್ ಅದರ ನಕಲನ್ನು ಬಳಸಿ ಕೊನೆಯಲ್ಲಿ ಎಸೆಯುತ್ತದೆ, ಅಂದು ಆದ ಲಾಗಿನ್ ಉಳಿಯುವುದಿಲ್ಲ, ಉಳಿಯಬೇಕಾದರೆ ಫೋಲ್ಡರಿನ ದಾರಿಯನ್ನು ಬ್ರೌಸರಿನ ‘ಪ್ರೊಫೈಲ್’ ಆರ್ಗ್ಯುಮೆಂಟ್ ಆಗಿಯೇ ಕೊಡಬೇಕು.

ಪಪೆಟಿಯರ್ 2017ರಲ್ಲಿ ಗೂಗಲ್‌ನ ಕ್ರೋಮ್ ತಂಡದಿಂದ ಬಂತು. ಚೊಕ್ಕವಾದ ಸಾಧನ, ಕಾಂಟೆಕ್ಸ್ಟ್ ಸೌಲಭ್ಯವೂ ಇದೆ, ಆದರೆ ಜಾವಾಸ್ಕ್ರಿಪ್ಟ್ ಬಲ್ಲವರಿಗೆ ಮಾತ್ರ.

ಪ್ಲೇರೈಟ್ 2020ರಲ್ಲಿ ಮೈಕ್ರೋಸಾಫ್ಟ್‌ನಿಂದ ಬಂದದ್ದು, ಪಪೆಟಿಯರ್ ಕಟ್ಟಿದವರಲ್ಲಿ ಕೆಲವರೇ ಇದನ್ನೂ ಕಟ್ಟಿದರು. ಹಲವು ಖಾತೆಗಳ ಕೆಲಸಕ್ಕೆ ನಾನು ಹೊಸಬರಿಗೆ ಹೇಳುವುದು ಇದನ್ನೇ. ಕಾಂಟೆಕ್ಸ್ಟ್ ಎಂಬುದು ಇದರಲ್ಲಿ ಮೂಲದಿಂದಲೇ ಇರುವ ಕಲ್ಪನೆ. ಡಿಸ್ಕಿನ ಫೋಲ್ಡರ್ ಬೇಕೆಂದರೆ ‘ಪರ್ಸಿಸ್ಟೆಂಟ್ ಕಾಂಟೆಕ್ಸ್ಟ್’ ಎಂಬ ಬಗೆಯೂ ಇದೆ. ಎರಡರ ನಡುವೆ ‘ಸ್ಟೋರೇಜ್ ಸ್ಟೇಟ್’ ಎಂಬ ಮಧ್ಯದ ದಾರಿಯಿದೆ: ಲಾಗಿನ್ ಆದ ಮೇಲೆ ಕುಕಿ ಮತ್ತು ಲೋಕಲ್ ಸ್ಟೋರೇಜನ್ನು (ತಾಣ ಬ್ರೌಸರಿನಲ್ಲಿ ಉಳಿಸುವ ದತ್ತಾಂಶವನ್ನು) ಒಂದು ಪುಟ್ಟ ಫೈಲಿಗೆ ಬರೆದಿಟ್ಟು, ಮುಂದಿನ ಸಲ ಹೊಸ ಕಾಂಟೆಕ್ಸ್ಟಿಗೆ ಅದನ್ನು ಕೊಟ್ಟರೆ ಲಾಗಿನ್ ಆದ ಸ್ಥಿತಿಯಲ್ಲೇ ತೆರೆಯುತ್ತದೆ. ಸೆಷನ್ ಸ್ಟೋರೇಜ್ (ಟ್ಯಾಬ್ ಮುಚ್ಚಿದೊಡನೆ ಹೋಗುವ ದತ್ತಾಂಶ) ಮಾತ್ರ ಅದರಲ್ಲಿ ಸೇರುವುದಿಲ್ಲ. ಅದನ್ನು ನೆಚ್ಚಿದ ತಾಣಗಳಲ್ಲಿ ಈ ಉಪಾಯ ಫಲಿಸುವುದಿಲ್ಲ. ಗುಂಡಿ ಕಾಣಿಸುವ ತನಕ ತಾನೇ ಕಾಯುವುದು ಪ್ಲೇರೈಟಿನ ಇನ್ನೊಂದು ಗುಣ, ನಿಧಾನವಾಗಿ ತೆರೆಯುವ ಸರ್ಕಾರಿ ಪುಟಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಕೊರತೆಯೂ ಇದೆ: ಇದು ಫೈರ್‌ಫಾಕ್ಸನ್ನು ತಾನೇ ತಿದ್ದಿದ ರೂಪದಲ್ಲಿ ಇಳಿಸಿಕೊಂಡು ಓಡಿಸುತ್ತದೆ, ಆದ್ದರಿಂದ ನಿಮ್ಮ ಯಂತ್ರದ ಮಾಮೂಲಿ ಫೈರ್‌ಫಾಕ್ಸನ್ನೇ ಬಳಸಬೇಕಾದವರು ಸೆಲೆನಿಯಮ್ ಕಡೆಗೆ ಹೋಗಬೇಕು.

ಕೋಡ್ ಬರೆಯಲು ಬಾರದವರಿಗೆ ಸೆಲೆನಿಯಮ್ ಐಡಿಇಯಂತಹ ರೆಕಾರ್ಡರುಗಳಿವೆ. ನಾವು ಒತ್ತಿದ್ದನ್ನು ದಾಖಲಿಸಿಕೊಂಡು ಮತ್ತೆ ಆಡಿಸುತ್ತವೆ. ಒಂದೇ ಖಾತೆಗೆ ಸರಿ. ಆದರೆ ಅವು ಎಕ್ಸ್‌ಟೆನ್ಷನ್ ಆಗಿ ಒಂದು ಪ್ರೊಫೈಲಿನೊಳಗೆ ಕುಳಿತಿರುವುದರಿಂದ ಇನ್ನೊಂದು ಪ್ರೊಫೈಲನ್ನು ತೆರೆಯುವುದು ಅವುಗಳ ಕೈಯಲ್ಲಿಲ್ಲ. ಪ್ಲೇರೈಟಿನ ಕೋಡ್‌ಜೆನ್ ಕೂಡ ಹೀಗೆಯೇ ದಾಖಲಿಸುತ್ತದೆ, ಆದರೆ ಕೊನೆಗೆ ಕೈಗೆ ಕೋಡ್ ಸಿಗುವುದರಿಂದ ಕಲಿಯುವವರಿಗೆ ಅದು ಉತ್ತಮ ಆರಂಭ.

‘ಆಂಟಿ-ಡಿಟೆಕ್ಟ್’ ಎಂದು ಮಾರಾಟವಾಗುವ ಬ್ರೌಸರುಗಳ ಜಾಹೀರಾತು ಹಲವು ಪ್ರೊಫೈಲು ಎಂದು ಹುಡುಕಿದೊಡನೆ ಎದುರಾಗುತ್ತದೆ. ಪ್ರತಿ ಪ್ರೊಫೈಲೂ ಬೇರೆ ಯಂತ್ರವೆಂದು ತಾಣವನ್ನು ನಂಬಿಸುವುದು ಅವುಗಳ ಕಸುಬು. ಪಾರ್ಟಿಯ ಒಪ್ಪಿಗೆಯಿಂದ ಅವರ ಖಾತೆಯನ್ನು ನೋಡಿಕೊಳ್ಳುವವರಿಗೆ ವೇಷದ ಅಗತ್ಯವಿಲ್ಲ. ಸಾಲದ್ದಕ್ಕೆ ಇಂತಹ ಹಲವು ಸೇವೆಗಳಲ್ಲಿ ಪ್ರೊಫೈಲುಗಳು, ಅಂದರೆ ಲಾಗಿನ್ ಆದ ಕುಕಿಗಳು, ಅವರ ಸರ್ವರಿನಲ್ಲಿ ಸಂಗ್ರಹವಾಗುತ್ತವೆ. ಐವತ್ತು ಜನರ ಬೀಗದ ಕೈಗೊಂಚಲನ್ನು ಪರಿಚಯವಿಲ್ಲದವರ ಗೂಟಕ್ಕೆ ನೇತುಹಾಕಿದ ಹಾಗೆ.

ಐದನೆಯ ಹೆಜ್ಜೆ: ಎರಡು ಖಾತೆಗಳ ಪರೀಕ್ಷೆ

ಆರಿಸಿದ ಸಾಧನವನ್ನು ಎಲ್ಲ ಖಾತೆಗಳಿಗೂ ಹಚ್ಚುವ ಮೊದಲು ಕೇವಲ ಎರಡರಲ್ಲಿ ಪರೀಕ್ಷಿಸಿ. ನಿಮ್ಮವೇ ಆದ, ಹಾನಿಯಾದರೂ ಚಿಂತೆಯಿಲ್ಲದ ಎರಡು ಖಾತೆಗಳಿರಲಿ. ಎರಡನ್ನೂ ಏಕಕಾಲಕ್ಕೆ ತೆರೆದು ಲಾಗಿನ್ ಆಗಿ, ಎರಡೂ ಕಡೆ ಪುಟವನ್ನು ರಿಫ್ರೆಶ್ ಮಾಡಿ, ಪ್ರತಿಯೊಂದೂ ತನ್ನ ಹೆಸರನ್ನೇ ತೋರಿಸುತ್ತಿದೆಯೇ ನೋಡಿ. ಬಳಿಕ ಒಂದರಲ್ಲಿ ಲಾಗೌಟ್ ಆಗಿ, ಇನ್ನೊಂದು ಅಲುಗಬಾರದು. ಎರಡರಲ್ಲೂ ಒಂದೇ ಹೆಸರಿನ ಫೈಲನ್ನು ಇಳಿಸಿ. ಅವು ಬೇರೆ ಬೇರೆ ಫೋಲ್ಡರಿಗೆ ಹೋಗಬೇಕು, ಒಂದು ಇನ್ನೊಂದನ್ನು ಅಳಿಸಬಾರದು. ಕೊನೆಯದಾಗಿ, ಸ್ಕ್ರಿಪ್ಟ್ ನಡುವೆ ಇರುವಾಗಲೇ ಇಂಟರ್‌ನೆಟ್ ತಂತಿಯನ್ನು ಕಿತ್ತುಬಿಡಿ. ಒಳ್ಳೆಯ ವ್ಯವಸ್ಥೆ ಆ ಖಾತೆಯ ಹೆಸರನ್ನು ಬರೆದಿಟ್ಟು ನಿಲ್ಲುತ್ತದೆ. ಕೆಟ್ಟದ್ದು ಏನೂ ಆಗಲಿಲ್ಲವೆಂಬಂತೆ ಮುಂದಿನ ಖಾತೆಗೆ ಹೋಗುತ್ತದೆ, ಒಂದು ತಿಂಗಳ ಬಳಿಕವಷ್ಟೇ ಆ ಲೋಪ ಬೆಳಕಿಗೆ ಬರುತ್ತದೆ.

ಆರನೆಯ ಹೆಜ್ಜೆ: ಯಾರ ಖಾತೆ ಎಂದು ಕೇಳದೆ ಕೈಹಾಕದ ಸ್ಕ್ರಿಪ್ಟ್

ಇಲ್ಲಿ ನನ್ನ ತಪ್ಪೊಂದನ್ನು ಹೇಳಬೇಕು. ಒಂದು ಆಡಿಟರ್ ಕಚೇರಿಗೆ 2ಬಿ ಇಳಿಸುವ ಸ್ಕ್ರಿಪ್ಟ್ ಮಾಡಿಕೊಟ್ಟಿದ್ದೆ. ಕ್ಯಾಪ್ಚಾ ಮತ್ತು ಪಾಸ್‌ವರ್ಡನ್ನು ಅಲ್ಲಿನ ಸಹಾಯಕರೇ ತುಂಬುತ್ತಿದ್ದರು, ಉಳಿದದ್ದು ಸ್ಕ್ರಿಪ್ಟಿನ ಪಾಲು. ಪೋರ್ಟಲ್ ಕೊಡುವ ಎಕ್ಸೆಲ್ ಫೈಲಿನ ಹೆಸರಿನಲ್ಲಿಯೇ ತಿಂಗಳು ಮತ್ತು ಜಿಎಸ್‌ಟಿ ಸಂಖ್ಯೆ ಇರುತ್ತವೆ. ‘ಸರ್, ಈ ನಂಬರು ನೋಡಿದರೆ ಯಾರದೆಂದು ತಿಳಿಯುವುದಿಲ್ಲ, ಪಾರ್ಟಿಯ ಹೆಸರು ಬರುವ ಹಾಗೆ ಮಾಡಿಕೊಡಿ’ ಎಂದರು. ಮಾಡಿಕೊಟ್ಟೆ: ಫೈಲ್ ಇಳಿದೊಡನೆ ಅದರ ಹೆಸರನ್ನು ಅಳಿಸಿ, ಪಟ್ಟಿಯಲ್ಲಿ ಆ ಸರದಿಯಲ್ಲಿದ್ದ ಪಾರ್ಟಿಯ ಹೆಸರನ್ನು ಹಾಕುವಂತೆ. ಅಣ್ಣ ತಮ್ಮಂದಿರ ಎರಡು ಹಾರ್ಡ್‌ವೇರ್ ಅಂಗಡಿಗಳು ಪಟ್ಟಿಯಲ್ಲಿ ಒಂದರ ಕೆಳಗೊಂದು ಇದ್ದವು. ಸಹಾಯಕರು ಅಣ್ಣನ ಸರದಿಯಲ್ಲಿ ತಮ್ಮನ ಪಾಸ್‌ವರ್ಡ್ ಹಾಕಿದರು, ತಮ್ಮನ ಸರದಿಯಲ್ಲಿ ಅಣ್ಣನದು. ಬ್ರೌಸರಿನ ಬೇರ್ಪಡಿಕೆಯಲ್ಲಿ ಲವಲೇಶವೂ ದೋಷವಿರಲಿಲ್ಲ. ಫೈಲುಗಳು ಮಾತ್ರ ಅದಲುಬದಲಾಗಿ ಕುಳಿತವು. ಟ್ಯಾಲಿಯ ಖರೀದಿ ಲೆಕ್ಕದೊಡನೆ ತಾಳೆ ನೋಡುವಾಗ ಒಂದು ಇನ್‌ವಾಯ್ಸೂ ಹೊಂದದಿದ್ದುದರಿಂದ ಸಿಕ್ಕಿಬಿತ್ತು. ಹತ್ತರಲ್ಲಿ ಎಂಟು ಹೊಂದುವಂತಿದ್ದರೆ ಯಾರ ಗಮನಕ್ಕೂ ಬರುತ್ತಿರಲಿಲ್ಲವೇನೋ.

ಅಂದಿನಿಂದ ಪಾಲಿಸುತ್ತಿರುವ ಕ್ರಮ ಇದು. ರಿಟರ್ನ್ ಪುಟದ ತಲೆಭಾಗದಲ್ಲಿ ಜಿಎಸ್‌ಟಿ ಸಂಖ್ಯೆ, ನೋಂದಾಯಿತ ಹೆಸರು, ಆರ್ಥಿಕ ವರ್ಷ ಮತ್ತು ಅವಧಿ ಕಾಣಿಸುತ್ತವೆ. ಸ್ಕ್ರಿಪ್ಟ್ ಮೊದಲು ಆ ಸಂಖ್ಯೆಯನ್ನು ಓದಿ ಪಟ್ಟಿಯಲ್ಲಿರುವುದಕ್ಕೆ ಹೋಲಿಸಬೇಕು, ಹೊಂದದಿದ್ದರೆ ಯಾವ ಗುಂಡಿಯನ್ನೂ ಒತ್ತದೆ ನಿಲ್ಲಬೇಕು. ಹೋಲಿಕೆ 15 ಅಕ್ಷರಗಳಿಗೂ ಆಗಬೇಕು. ಮೊದಲ ಎರಡು ಅಂಕಿ ರಾಜ್ಯದ್ದು, ನಂತರದ ಹತ್ತು ಪ್ಯಾನ್. ನಿಪ್ಪಾಣಿಯ ವ್ಯಾಪಾರಿಯೊಬ್ಬರು ಕೊಲ್ಹಾಪುರದಲ್ಲೂ ನೋಂದಣಿ ಮಾಡಿಸಿದ್ದರೆ ಎರಡರಲ್ಲೂ ಪ್ಯಾನ್ ಒಂದೇ, ಕರ್ನಾಟಕದ್ದು 29ರಿಂದ, ಮಹಾರಾಷ್ಟ್ರದ್ದು 27ರಿಂದ ಆರಂಭವಾಗುತ್ತದೆ, ಮೊದಲ ಹನ್ನೆರಡು ಅಕ್ಷರಗಳಲ್ಲಿ ಅಷ್ಟೇ ವ್ಯತ್ಯಾಸ. ಫೈಲಿನ ಮೂಲ ಹೆಸರನ್ನು ಅಳಿಸಬೇಡಿ. ಪಾರ್ಟಿಯ ಹೆಸರು ಬೇಕಿದ್ದರೆ ಅದರ ಮುಂದೆ ಸೇರಿಸಿ.

ನಿಮ್ಮ ಕೆಲಸ ತೆರಿಗೆಯದಲ್ಲದೆ ಬೇರೆಯಾಗಿದ್ದರೂ ಇಂತಹ ಒಂದು ಗುರುತು ಪುಟದಲ್ಲಿ ಎಲ್ಲಿಯಾದರೂ ಇದ್ದೇ ಇರುತ್ತದೆ. ತಮ್ಮದೇ ಆ್ಯಪನ್ನು ಗ್ರಾಹಕ, ಅಂಗಡಿಯವರು, ಮೇಲ್ವಿಚಾರಕರು ಎಂಬ ಮೂರು ಪಾತ್ರಗಳಲ್ಲಿ ಪರೀಕ್ಷಿಸುವ ತಂಡಕ್ಕೆ ಅದು ಬಳಕೆದಾರರ ಐಡಿ. ಆನ್‌ಲೈನ್ ಅಂಗಡಿಗಳನ್ನು ನೋಡಿಕೊಳ್ಳುವವರಿಗೆ ಮಾರಾಟಗಾರರ ಸಂಖ್ಯೆ. ಬರಿಯ ಹೆಸರನ್ನು ನಂಬಬೇಡಿ, ಒಂದೇ ಹೆಸರಿನ ಎರಡು ‘ಶ್ರೀ ಮಂಜುನಾಥ ಟ್ರೇಡರ್ಸ್’ ಯಾವ ಊರಿನಲ್ಲಿ ಬೇಕಾದರೂ ಸಿಕ್ಕಾವು.

ರಿಟರ್ನ್ ಸಲ್ಲಿಸುವ ಕೊನೆಯ ಗುಂಡಿಯನ್ನು ಸ್ಕ್ರಿಪ್ಟಿಗೆ ಒಪ್ಪಿಸಲೇಬೇಡಿ. ಕಂಪನಿಗಳ ವಿಷಯದಲ್ಲಿ ಡಿಜಿಟಲ್ ಸಹಿಯ ಟೋಕನ್ ಕೂಡ ಇರುತ್ತದೆ, ಅದು ಯುಎಸ್‌ಬಿ ಮೂಲಕ ಇಡೀ ಯಂತ್ರಕ್ಕೆ ಸೇರಿದ್ದು. ಪ್ರೊಫೈಲುಗಳನ್ನು ಎಷ್ಟೇ ಬೇರ್ಪಡಿಸಿದರೂ ಎರಡು ಟೋಕನ್ ಒಟ್ಟಿಗೆ ಚುಚ್ಚಿದ್ದರೆ ಸಹಿಯ ಪಟ್ಟಿಯಲ್ಲಿ ಎರಡೂ ಬರುತ್ತವೆ.

ಏಳನೆಯ ಹೆಜ್ಜೆ: ಫೋಲ್ಡರುಗಳನ್ನು ತಿಜೋರಿಯಂತೆ ಕಾಯಿರಿ

ಪ್ರೊಫೈಲ್ ಫೋಲ್ಡರ್ ಮತ್ತು ಸ್ಟೋರೇಜ್ ಸ್ಟೇಟ್ ಫೈಲುಗಳ ಬೆಲೆ ಪಾಸ್‌ವರ್ಡಿನಷ್ಟೇ. ಸ್ಟೋರೇಜ್ ಸ್ಟೇಟ್ ಅಂತೂ ಸಾದಾ ಅಕ್ಷರದ ಫೈಲು. ಅದನ್ನು ನಕಲು ಮಾಡಿಕೊಂಡವರು ಲಾಗಿನ್ ಇನ್ನೂ ಜೀವಂತವಿದ್ದರೆ ಪಾಸ್‌ವರ್ಡ್ ಇಲ್ಲದೆಯೇ ಒಳಗೆ ಹೋಗಬಹುದು. ಅದನ್ನು ವಾಟ್ಸ್ಆ್ಯಪಿನಲ್ಲಿ ಕಳಿಸಬೇಡಿ, ಕೋಡಿನ ಜೊತೆ ಗಿಟ್‌ಗೆ (ಕೋಡನ್ನು ಸಂಗ್ರಹಿಸುವ ವ್ಯವಸ್ಥೆಗೆ) ಸೇರಿಸಬೇಡಿ, ಹಂಚಿಕೊಂಡ ಡ್ರೈವಿನಲ್ಲಿ ಇಡಬೇಡಿ. ವಿಂಡೋಸ್‌ನ ಸೂಕ್ತ ಆವೃತ್ತಿ ಇದ್ದರೆ ಬಿಟ್‌ಲಾಕರ್ (ಡ್ರೈವನ್ನು ಗೂಢಲಿಪಿಗೊಳಿಸುವ ಸೌಲಭ್ಯ) ಹಾಕಿದ ಡ್ರೈವಿನಲ್ಲಿ, ಆ ಕೆಲಸದವರ ಬಳಕೆದಾರ ಖಾತೆಗೆ ಮಾತ್ರ ಕಾಣುವಂತೆ ಇಡಿ. ಪಾಸ್‌ವರ್ಡುಗಳನ್ನು ಸ್ಕ್ರಿಪ್ಟಿನೊಳಗೆ ಅಥವಾ ಎಕ್ಸೆಲ್ ಹಾಳೆಯಲ್ಲಿ ಬರೆಯದೆ ಪಾಸ್‌ವರ್ಡ್ ಮ್ಯಾನೇಜರಿನಲ್ಲಿ ಇಡಿ. ಪ್ರತಿ ಪಾರ್ಟಿಯಿಂದ ಯಾವ ಖಾತೆ, ಯಾವ ಕೆಲಸ, ಎಲ್ಲಿಯವರೆಗೆ ಎಂಬುದನ್ನು ನಮೂದಿಸಿ ಬರಹದಲ್ಲಿ ಒಪ್ಪಿಗೆ ಪಡೆಯುವುದು ಅವರಿಗಿಂತ ಹೆಚ್ಚಾಗಿ ನಿಮ್ಮನ್ನು ಕಾಪಾಡುತ್ತದೆ.

ಹೊಸ ಕಂಪ್ಯೂಟರ್ ತಂದಾಗ ಹಳೆಯ ಕ್ರೋಮ್ ಫೋಲ್ಡರುಗಳನ್ನು ನಕಲಿಸಿದರೆ ಲಾಗಿನ್‌ಗಳೂ ಬರುತ್ತವೆಂದು ಎಣಿಸಬೇಡಿ. ವಿಂಡೋಸ್‌ನಲ್ಲಿ ಕ್ರೋಮ್ ಕುಕಿಗಳನ್ನು ಆ ಯಂತ್ರಕ್ಕೆ, ಆ ಬಳಕೆದಾರರಿಗೆ ಕಟ್ಟಿಹಾಕಿದ ಕೀಲಿಯಿಂದ ಗೂಢಲಿಪಿಗೊಳಿಸಿರುತ್ತದೆ. ಬುಕ್‌ಮಾರ್ಕು ಬಂದಾವು, ಲಾಗಿನ್ ಬಾರದು. ಯಂತ್ರ ಬದಲಿಸುವ ಕೆಲಸವನ್ನು ತಿಂಗಳ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಎಲ್ಲ ಖಾತೆಗಳಿಗೂ ನೆಮ್ಮದಿಯಿಂದ ಮತ್ತೆ ಲಾಗಿನ್ ಆಗಲು ಸಮಯ ಸಿಗುತ್ತದೆ.

ಪಾರ್ಟಿಯೊಂದು ಕಚೇರಿಯನ್ನು ಬಿಟ್ಟು ಬೇರೆ ಆಡಿಟರ್ ಬಳಿ ಹೋದ ದಿನವೇ ಮೂರು ಕೆಲಸಗಳನ್ನು ಮುಗಿಸಿ: ಮೊದಲು ಆ ಖಾತೆಯಿಂದ ಸರಿಯಾಗಿ ಲಾಗೌಟ್ ಆಗಿ, ನಂತರ ಪ್ರೊಫೈಲ್ ಫೋಲ್ಡರನ್ನು ಬ್ಯಾಕಪ್ ಸಮೇತ ಅಳಿಸಿ, ಪಟ್ಟಿಯಿಂದ ಆ ಸಾಲನ್ನು ತೆಗೆಯಿರಿ. ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಪಾರ್ಟಿಗೆ ಫೋನ್ ಮಾಡಿ ಹೇಳಿ. ಅವರು ಬದಲಿಸಿದ್ದಾರೋ ಇಲ್ಲವೋ ಎಂದು ಲಾಗಿನ್ ಆಗಿ ನೋಡಲು ಮಾತ್ರ ಹೋಗಬೇಡಿ.